ದರ್ಜಿ ಟೊಬಾಯಸ್‌ನ ಮನೆಮಂದಿ

ನ್ಯಾಚೆಜ್, ಮಿಸಿಸಿಪ್ಪಿ
೯ ಜನವರಿ ೧೯೭೪

ಮಾನ್ಯ ಮಿಸ್ ಆರ್ಡೀಲಿಯಾ ಗ್ಯಾಂಟ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಾನು ವರ್ಲೀನ್ ಟ್ಯಾಪ್ಸ್‌ಕಾಟ್, ಇಲ್ಲಿಯ ಒಂದು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಚರ್ಚಿಗೆ ಬರುವ ಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆ ನೋಡಿದೆ. ಗುಲಾಮಗಿರಿಯ ಕಾಲದಲ್ಲೇ ನಿಮ್ಮ ವೆದರ್ಲಿ ಊರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದ ಕರಿಯ ದರ್ಜಿ ಟೊಬಾಯಸ್ ಗ್ಯಾಂಟ್‌ಗೆ ಬರುವ ಆಗಸ್ಟಿನಲ್ಲಿ ಕಲ್ಲು ನಿಲ್ಲಿಸುತ್ತೀರಿ, ಅವನ ಸಂತತಿಯವರು ಎಲ್ಲೇ ಇರಲಿ ಬರೆಯಬೇಕು ಎಂದಿತ್ತು. ಕೆಳಗೆ ನಿಮ್ಮ ಹೆಸರು, ವಿಳಾಸ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಮ್ಮ ಓಲಾಗೆ ಈಗ ತೊಂಬತ್ತು. ಹೆತ್ತವಳು ಬೇಗ ತೀರಿಕೊಂಡದ್ದರಿಂದ ಅಮ್ಮನನ್ನು ಸಾಕಿದವಳು ಅವಳ ಅಜ್ಜಿ ಕೆಜಾಯಾ. ಆ ಕೆಜಾಯಾ ಅಜ್ಜಿ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳಂತೆ. "ನಮ್ಮಪ್ಪ ಟೋಬಿ ದರ್ಜಿ, ವರ್ಜೀನಿಯಾದ ವೆದರ್ಲಿಯವನು. ನಾವು ಒಡಹುಟ್ಟಿದವ್ರು ಆರು ಜನ, ನಾನೇ ದೊಡ್ಡವಳು. ನನ್ನನ್ನ ಮಾರಿದವನೂ ನಮ್ಮಪ್ಪನೇ, ಆ ದಿನ ಉಟ್ಟಿದ್ದ ಬಟ್ಟೆ ಹೊಲಿದವನೂ ನಮ್ಮಪ್ಪನೇ."

ಪ್ರಕಟಣೆ ಓದಿ ಹೇಳಿದಾಗ ಅಮ್ಮ ಎದ್ದು ಕೂತಳು. ತಿಂಗಳಿಂದ ಎದ್ದು ಕೂತಿರಲಿಲ್ಲ. "ಬರಿಯೇ ಅವ್ರಿಗೆ. ಮಕ್ಕಳ ಹೆಸ್ರು ಕೆತ್ತಿಸೋದಾದ್ರೆ ಅಜ್ಜಿ ಹೆಸ್ರೂ ಕೆತ್ತಿಸ್ಲಿ. ನಾನು ಕಣ್ಣು ಮುಚ್ಚೋದ್ರೊಳಗೆ ಆಗ್ಲಿ" ಎಂದಳು. ನಮಗೆ ಬೇರೇನೂ ಬೇಡ. ಕಲ್ಲಿನ ಮೇಲೆ ಆ ಒಂದು ಹೆಸರಿದ್ದರೆ ಸಾಕು.

ನಿಮ್ಮ ಉತ್ತರ ಕಾಯುವ,
ವರ್ಲೀನ್ ಟ್ಯಾಪ್ಸ್‌ಕಾಟ್


ವೆದರ್ಲಿ, ವರ್ಜೀನಿಯಾ
೨೧ ಜನವರಿ ೧೯೭೪

ಶ್ರೀಮತಿ ಟ್ಯಾಪ್ಸ್‌ಕಾಟ್ ಅವರಿಗೆ,

ಪ್ರಕಟಣೆ ಹಾಕಿಸಿದ ಮೇಲೆ ನನಗೆ ಬಂದ ಹದಿನೇಳನೆಯ ಪತ್ರ ನಿಮ್ಮದು. ಒಬ್ಬರು ಟೊಬಾಯಸ್ ಹೂತಿಟ್ಟ ಚಿನ್ನ ಎಲ್ಲಿದೆ ಎಂದು ಕೇಳಿದ್ದಾರೆ. ಇನ್ನೊಬ್ಬರ ಕನಸಿನಲ್ಲಿ ಆತ ದಿನಾ ಬರುತ್ತಾನಂತೆ. ನೀವು ಅಷ್ಟು ದೂರ ಹೋಗಿಲ್ಲ, ಸಂತೋಷ.

ನಾನು ನಲವತ್ತೊಂದು ವರ್ಷ ಪಾಠ ಹೇಳಿದವಳು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಟೊಬಾಯಸ್ ನನ್ನ ಮುತ್ತಜ್ಜ. ಅವನ ತಾಯಿ ಸ್ವತಂತ್ರಳಾಗಿದ್ದಳು, ಅದರಿಂದ ಅವನೂ ಸ್ವತಂತ್ರ. ಅವನ ಹೆಂಡತಿ ಡೈಸಿ, ಕ್ರೆನ್‌ಷಾ ಮನೆತನದ ಗುಲಾಮಳು, ಅದರಿಂದ ಹುಟ್ಟಿದ ಮಕ್ಕಳೆಲ್ಲ ಗುಲಾಮರು. ಅವನು ಊರಿನ ಜಡ್ಜಿಗಳಿಗೆ ಕೋಟು ಹೊಲಿದು ಹೊಲಿದು ಹೆಂಡತಿಯನ್ನೂ ಮಕ್ಕಳನ್ನೂ ಒಬ್ಬೊಬ್ಬರಾಗಿ ಕೊಂಡ. ಕೊಂಡವರನ್ನು ಬಿಡುಗಡೆ ಮಾಡುವ ಹಾಗಿರಲಿಲ್ಲ. ಮಾಡಿದರೆ ಅವರು ವರ್ಷದೊಳಗೆ ವರ್ಜೀನಿಯಾ ಬಿಟ್ಟು ಹೋಗಬೇಕೆಂದು ಕಾನೂನು. ಹೀಗಾಗಿ ಸ್ವಂತ ಹೆಂಡತಿ ಮಕ್ಕಳು ಕಾಗದದ ಮೇಲೆ ಅವನ ಸೊತ್ತಾಗಿಯೇ ಉಳಿದರು.

ಇದು ನಮ್ಮ ಊರಿನ ಬಿಳಿಯರಿಗೆ ತಮಾಷೆ. ಇತಿಹಾಸ ಸಂಘ ನಡೆಸುವ ಮಿಸೆಸ್ ರಸ್ಕ್ ಎಂಬಾಕೆ ಲೈಬ್ರರಿಯಲ್ಲಿ ನಾಲ್ಕು ಜನರ ಮುಂದೆ, "ಆರ್ಡೀಲಿಯಾ, ನಿಮ್ಮ ಮುತ್ತಜ್ಜನೂ ಗುಲಾಮರನ್ನ ಇಟ್ಕೊಂಡಿದ್ದನಲ್ಲ? ೧೮೫೦ರ ಗಣತೀಲಿ ಆರು ತಲೆ, ಅರವತ್ತರಲ್ಲೂ ಆರು ತಲೆ. ನಮ್ಮೋರನ್ನ ಮಾತ್ರ ಯಾಕೆ ಬೈತೀರಿ?" ಎಂದಳು. ಆಕೆಯ ಬಾಯಿಗೆ ಉತ್ತರ ಈ ಕಲ್ಲು. 'ಸೂಜಿ ಹಿಡಿದ ಕೈಯಿಂದ ತನ್ನವರನ್ನೆಲ್ಲ ಬಿಡಿಸಿಕೊಂಡವನು' ಎಂದು ಅದರ ಮೇಲೆ ಬರೆಸುತ್ತಿದ್ದೇವೆ. ಕೆಳಗೆ ಡೈಸಿ, ಅವಳ ಕೆಳಗೆ ಐದು ಮಕ್ಕಳು: ಲೂಯಿಸ್, ಮಿಲ್ಲಿ, ರೂಬೆನ್, ಜೂಡಿ, ಐಶಮ್. ಕೊನೆಯವನು ನನ್ನ ತಾತ.

ಆ ಎರಡು ಗಣತಿಯ ಆರು ತಲೆಗಳೂ ಇವರೇ, ತಾಯಿ ಮತ್ತು ಐದು ಮಕ್ಕಳು. ಏಳನೆಯವರಿಗೆ ಅಲ್ಲಿ ಜಾಗವಿಲ್ಲ. ಮಕ್ಕಳನ್ನು ಕೊಳ್ಳಲು ಹೊಲಿದೇ ಕಣ್ಣು ಮಂಜಾಗಿಸಿಕೊಂಡವನು ಮಗಳನ್ನು ಮಾರಿದ ಎನ್ನುತ್ತೀರಿ. ಕ್ಷಮಿಸಿ, ನಾನು ಇದನ್ನು ಒಪ್ಪಲಾರೆ. ವಯಸ್ಸಾದ ನಿಮ್ಮ ತಾಯಿಯ ಮಾತಿಗೆ ಮರ್ಯಾದೆ ಕೊಟ್ಟು, ಚಳಿ ಕಡಿಮೆಯಾದ ಮೇಲೆ ಕೋರ್ಟಿನ ದಾಖಲೆ ಕೋಣೆಗೆ ಒಮ್ಮೆ ಹೋಗಿ ನೋಡುತ್ತೇನೆ. ಸಿಗುತ್ತದೆಂದು ಕಾಯಬೇಡಿ.

ಇಂತು,
ಆರ್ಡೀಲಿಯಾ ಗ್ಯಾಂಟ್


ನ್ಯಾಚೆಜ್
೩ ಫೆಬ್ರವರಿ ೧೯೭೪

ಮಿಸ್ ಗ್ಯಾಂಟ್,

ಚಿನ್ನ ಕೇಳಿದವರ ಸಾಲಿನಲ್ಲಿ ನನ್ನನ್ನು ಕೂರಿಸಿದಿರಿ. ಇರಲಿ, ಶಾಲೆಯಲ್ಲಿ ದಿನಾ ನಾನೂರು ಮಕ್ಕಳಿಗೆ ಬಡಿಸುವವಳು ನಾನು, ಮಾತು ತಿಂದು ಅಭ್ಯಾಸವಿದೆ. ಆದರೆ ಅಮ್ಮನ ಮಾತನ್ನು ಮುದುಕಿಯ ಬಡಬಡಿಕೆ ಎಂದುಕೊಳ್ಳಬೇಡಿ. ನಿನ್ನೆ ರಾತ್ರಿ ಏನು ತಿಂದೆ ಎಂಬುದು ಅವಳಿಗೆ ನೆನಪಿರದು, ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ಮರೆತಿಲ್ಲ. ಅವಳು ಹೇಳಿದ ಹಾಗೇ ಬರೆಯುತ್ತೇನೆ, ಕೇಳಿ.

ಆ ಕಾಲದಲ್ಲಿ ಮಾರುವುದಕ್ಕೆ ಮುಂಚೆ ಜನರಿಗೆ ಹೊಸ ಬಟ್ಟೆ ಹಾಕಿಸುತ್ತಿದ್ದರು. ಗಂಡಸರಿಗೆ ನೀಲಿ ಕೋಟು, ಹೆಂಗಸರಿಗೆ ಹೂವಿನ ಚೀಟಿ ಬಟ್ಟೆಯ ಗೌನು. ಚೆನ್ನಾಗಿ ಕಂಡರೆ ಬೆಲೆ ಏರುತ್ತದಲ್ಲ. ನಿಮ್ಮ ಊರಿನಲ್ಲಿ ಡಿಲ್ಲರ್ಡ್ ಎಂಬ ಗುಲಾಮರ ವ್ಯಾಪಾರಿ ಇದ್ದ. ಅವನಿಗೆ ಆ ನೀಲಿ ಕೋಟುಗಳನ್ನು ಹೊಲಿದುಕೊಡುತ್ತಿದ್ದವನು ಟೋಬಿ. ಕೆಜಾಯಾ ಪಕ್ಕದಲ್ಲಿ ಕೂತು ಗುಂಡಿಯ ಕಾಜಾ ಹಾಕುತ್ತಿದ್ದಳು. "ಆ ಕೂಲೀಲೇ ನಮ್ಮನ್ನ ಬಿಡಿಸ್ಕೊಂಡಿದ್ದು ಕಣೇ. ಇನ್ಯಾವ ದರ್ಜಿಗೆ ಅಷ್ಟು ದುಡ್ಡು ಹುಟ್ಟುತ್ತೆ?" ಎನ್ನುತ್ತಿದ್ದಳಂತೆ. ನೀವು ಜಡ್ಜಿಗಳ ಕೋಟಿನ ಕತೆ ಕೇಳಿ ಬೆಳೆದವರು, ನಾವು ಇದನ್ನು ಕೇಳಿ ಬೆಳೆದವರು.

ಅವಳಿಗೆ ಹದಿನೇಳು ತುಂಬಿದ ವರ್ಷ, ೧೮೫೧ರಲ್ಲಿ, ಅಪ್ಪ ಅವಳನ್ನು ನಿಲ್ಲಿಸಿ ಅಳತೆ ತೆಗೆದ. ಹೆಂಗಸರ ಬಟ್ಟೆ ಅವನು ಎಂದೂ ಹೊಲಿದವನಲ್ಲ. "ಯಾರಿಗಪ್ಪ ಇದು?" ಎಂದು ಕೇಳಿದಳು. ಆಗ ಹೇಳಿದ. "ನಿನ್ನ ತಮ್ಮನ್ನ ಅವನ ಯಜಮಾನ ಟೆಕ್ಸಾಸಿಗೆ ಒಯ್ತಾನೆ. ಹತ್ತಿ ಹೊಲಕ್ಕೆ ಬಿಟ್ರೆ ಆ ಮಗು ಎರಡು ವರ್ಷ ಬಾಳಲ್ಲ. ನಿನ್ನನ್ನ ಕೊಟ್ಟ ದುಡ್ಡಲ್ಲಿ ಅವನನ್ನ ಕೊಂಡ್ಕೋತೀನಿ. ನಿನ್ಗೆ ಸೂಜಿ ಗೊತ್ತು, ನಿನ್ನನ್ನ ಯಾರಾದ್ರೂ ಮನೆಯೊಳಗೇ ಇಟ್ಕೋತಾರೆ. ಡಿಲ್ಲರ್ಡ್ ಒಂದ್ವರ್ಷ ನಿನ್ನನ್ನ ರಿಚ್ಮಂಡಿನಲ್ಲೇ ಇಟ್ಟಿರ್ತೀನಿ ಅಂದಿದ್ದಾನೆ. ಅಷ್ಟರೊಳಗೆ ಬಂದು ಬಿಡಿಸ್ಕೋತೀನಿ."

ತಮ್ಮ ಎಂದರೆ ಯಾರು, ಹೆಸರೇನು, ಅಮ್ಮನಿಗೆ ಗೊತ್ತಿಲ್ಲ. ಅಜ್ಜಿ ಅವನ ಹೆಸರು ಹೇಳುತ್ತಿರಲಿಲ್ಲ.

ಗೌನು ಬೂದು ಬಣ್ಣದ ಉಣ್ಣೆಯದು. ಭುಜಕ್ಕೆ ಗಂಡಸರ ಕೋಟಿನ ಕಟ್ಟಿಂಗು, ಎದೆಗೆ ಎರಡು ಸಾಲು ಗುಂಡಿ. ಇಲ್ಲಿ ಬಂದಾಗ ಹೆಂಗಸರು ನಕ್ಕರಂತೆ, "ಏನೇ ಇದು, ಪಟಾಲಮ್ಮಿಗೆ ಸೇರ್ಕೋತೀಯಾ?" ಎಂದು. ಆದರೆ ಅಷ್ಟು ನಯವಾದ ಹೊಲಿಗೆ ಮೈಮೇಲಿದ್ದವಳನ್ನು ಡಿಲ್ಲರ್ಡ್ ವರ್ಷವಿಡೀ ಯಾಕೆ ಇಟ್ಟುಕೊಂಡಾನು? ಮೂರೇ ವಾರಕ್ಕೆ ಇಲ್ಲಿಗೆ ತಂದು ಒಳ್ಳೆ ಹೊಲಿಗೆಯವಳು ಎಂದು ಹೇಳಿ ಮಾರಿದ.

ಬಿಡುಗಡೆಯಾದ ಮೇಲೆ, ೧೮೬೭ರಲ್ಲಿ, ಅವಳು ಒಬ್ಬ ಟೀಚರನ್ನು ಹಿಡಿದು ವೆದರ್ಲಿಗೆ ಪತ್ರ ಬರೆಸಿದಳು. ಉತ್ತರ ಬರಲಿಲ್ಲ. ನಿಮ್ಮ ಮುತ್ತಜ್ಜ ಆಗ ಬದುಕಿದ್ದನೋ ಇಲ್ಲವೋ ನೀವೇ ಹೇಳಿ.

ದಾಖಲೆ ನೋಡುತ್ತೇನೆ ಎಂದಿದ್ದೀರಿ. ಆ ಮಾತು ಹಿಡಿದುಕೊಂಡು ಕೂತಿದ್ದೇವೆ. ಅಮ್ಮ ದಿನಾ ಟಪಾಲಿನವನು ಬಂದನೇ ಎಂದು ಕೇಳುತ್ತಾಳೆ.

ನಿಮ್ಮ,
ವರ್ಲೀನ್


ವೆದರ್ಲಿ
೨ ಏಪ್ರಿಲ್ ೧೯೭೪

ಪ್ರೀತಿಯ ವರ್ಲೀನ್,

ತಡವಾಯಿತು. ಕಾಲಿನಲ್ಲಿ ಬಾವು ಬಂದು ಮಲಗಿದ್ದೆ.

ಕೋರ್ಟಿಗೆ ಹೋಗಿದ್ದೆ. ನೆಲಮಾಳಿಗೆಯಲ್ಲಿ ಮೂರು ದಿನ ಕುಳಿತೆ. ಪುಸ್ತಕಗಳು ತಂಡಿ ಹಿಡಿದು ಹಾಳೆಗೆ ಹಾಳೆ ಅಂಟಿಕೊಂಡಿವೆ, ಯುದ್ಧದ ಕಾಲದಲ್ಲಿ ಕೆಲವು ಸುಟ್ಟುಹೋದವಂತೆ, ಉಳಿದವುಗಳಲ್ಲಿ ಇಲಿಗಳು ಸಂಸಾರ ಹೂಡಿವೆ. ಕೆಜಾಯಾ ಎಂಬ ಹೆಸರಿನ ಯಾವ ಕಾಗದವೂ ಸಿಗಲಿಲ್ಲ. ಹಳೆಯ ಕಾಲದಲ್ಲಿ ಊರೂರಿಗೂ ಒಬ್ಬ ಟೋಬಿ ಇದ್ದ, ದರ್ಜಿಗಳೂ ಬೇಕಾದಷ್ಟಿದ್ದರು. ನಿಮ್ಮ ಅಜ್ಜಿ ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟವರು, ಊರಿನ ಹೆಸರು ತಪ್ಪಿರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ.

ಕಲ್ಲು ಕೆತ್ತುವವನಿಗೆ ಒಪ್ಪಿಸಿಯಾಯಿತು. ಕಾಗದದ ಆಧಾರವಿಲ್ಲದೆ ಹೆಸರು ಸೇರಿಸಲು ಚರ್ಚಿನ ಹಿರಿಯರು ಒಪ್ಪುವುದಿಲ್ಲ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗಾಗಿ ಪ್ರಾರ್ಥಿಸುತ್ತೇನೆ.

ನಿಮ್ಮ ಹಿತೈಷಿ,
ಆರ್ಡೀಲಿಯಾ ಗ್ಯಾಂಟ್


ನ್ಯಾಚೆಜ್
೬ ಮೇ ೧೯೭೪

ಪ್ರಿಯ ಮಿಸ್ ಗ್ಯಾಂಟ್,

ಅಮ್ಮ ಹೋದ ಭಾನುವಾರ ತೀರಿಕೊಂಡಳು. ನಿನ್ನೆ ಮಣ್ಣು ಮಾಡಿ ಬಂದೆವು. ನೀವು ನೆಲಮಾಳಿಗೆಯಲ್ಲಿ ಮೂರು ದಿನ ಕುಳಿತು ಹುಡುಕಿದವರು, ನಿಮಗೆ ತಿಳಿಸದಿದ್ದರೆ ಸರಿಯಾಗದು ಎಂದು ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, "ಟೀಚರಮ್ಮ ಇಷ್ಟು ಹುಡುಕಿಯೂ ಸಿಗ್ಲಿಲ್ಲ ಅಂದ್ರೆ ಇನ್ನೇನು? ಅಜ್ಜಿ ಕತೆ ಕಟ್ಟಿದ್ಲೇನೋ. ಅವಳಿಗೂ ಅಪ್ಪ ಅಂತ ಯಾರಾದ್ರೂ ಒಬ್ಬ ಬೇಕಿತ್ತಲ್ಲ" ಎಂದಳು. ಎಂಬತ್ತು ವರ್ಷ ನಂಬಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟಳು. ಆಮೇಲೆ ಅಜ್ಜಿಯ ಮಾತು ತೆಗೆಯಲಿಲ್ಲ. ನಾನು ತೆಗೆದರೂ, "ಬಿಡೇ, ಆ ಸುಳ್ಳಿ ವಿಷ್ಯ ಯಾಕೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಿಮ್ಮ ಶ್ರಮಕ್ಕೆ ಕೃತಜ್ಞತೆಗಳು. ಫೆಬ್ರವರಿಯಲ್ಲಿ ಒರಟಾಗಿ ಬರೆದಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ವರ್ಲೀನ್


ನ್ಯಾಚೆಜ್
೩೦ ಆಗಸ್ಟ್ ೧೯೭೪

ಆರ್ಡೀಲಿಯಾ ಗ್ಯಾಂಟ್,

ಅಮ್ಮ ಹೋದ ಸುದ್ದಿ ಬರೆದೆ, ನಿಮ್ಮಿಂದ ಎರಡು ಸಾಲು ಬರಲಿಲ್ಲ. ಟಪಾಲು ತಪ್ಪಿರಬೇಕು, ಕಾಲು ಬಾತಿರಬೇಕು ಎಂದು ನಾನೇ ನಿಮ್ಮ ಪರವಾಗಿ ನೆಪ ಹುಡುಕಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅಮ್ಮ ಅಜ್ಜಿಯನ್ನು ಸುಳ್ಳಿ ಎಂದು ಹೋದದ್ದು ನನಗೆ ತಡೆದುಕೊಳ್ಳಲಾಗಲಿಲ್ಲ. ಜೂನಿನಲ್ಲಿ ನಾನೇ ವೆದರ್ಲಿಯ ಕೋರ್ಟಿಗೆ ಬರೆದೆ. ಡಿಲ್ಲರ್ಡ್ ಹೆಸರಿನಲ್ಲಿ, ಗ್ಯಾಂಟ್ ಹೆಸರಿನಲ್ಲಿ ೧೮೫೧ರ ಆಸುಪಾಸು ಏನಿದ್ದರೂ ನಕಲು ಕಳಿಸಿ ಎಂದೆ. ಹೋದ ವಾರ ಲಕೋಟೆ ಬಂತು. ಒಳಗೆ ಒಂದೇ ಹಾಳೆಯ ನಕಲು, ಅದರ ಮೇಲೆ ಎರಡು ಕ್ರಯಪತ್ರ. ಎರಡಕ್ಕೂ ೧೮೫೧ರ ಮಾರ್ಚ್ ಹದಿನಾಲ್ಕನೇ ತಾರೀಖು, ಎರಡಕ್ಕೂ ಒಂದೇ ಸಾಕ್ಷಿ. ಮೇಲಿನದು ಟೊಬಾಯಸ್ ಗ್ಯಾಂಟ್ ತನ್ನ ಸೊತ್ತಾದ, ಹದಿನೇಳು ವಯಸ್ಸಿನ, ಹೊಲಿಗೆ ಬಲ್ಲ ಕೆಜಾಯಾಳನ್ನು ಪೆಟಸ್ ಡಿಲ್ಲರ್ಡ್‌ಗೆ ಮಾರಿದ್ದು. ಕೆಳಗಿನದು ಅದೇ ಟೊಬಾಯಸ್ ಗ್ಯಾಂಟ್ ಕ್ರೆನ್‌ಷಾನಿಂದ ಎಂಟು ವಯಸ್ಸಿನ ಐಶಮ್‌ನನ್ನು ಕೊಂಡದ್ದು. ತಮ್ಮ ಯಾರು ಎಂದು ಕೊನೆಗೂ ಗೊತ್ತಾಯಿತು.

ಹಾಳೆ ತಂಡಿ ಹಿಡಿದಿಲ್ಲ, ಸುಟ್ಟಿಲ್ಲ, ಇಲಿ ಮೂತಿಯನ್ನೂ ಇಟ್ಟಿಲ್ಲ.

ಜೊತೆಗೆ ಅಲ್ಲಿಯ ಗುಮಾಸ್ತನ ಒಂದು ಚೀಟಿ. ಪಾಪ, ಒಳ್ಳೆಯವನು. 'ಇದೇ ಪುಟದ ನಕಲನ್ನು ಮಾರ್ಚ್ ಹನ್ನೆರಡರಂದು ನಿಮ್ಮ ಬಳಗದ ಮಿಸ್ ಆರ್ಡೀಲಿಯಾ ಗ್ಯಾಂಟ್ ತೆಗೆದುಕೊಂಡು ಹೋಗಿದ್ದಾರೆ. ಅವರನ್ನೇ ಕೇಳಿದ್ದರೆ ನಿಮಗೆ ನಕಲಿನ ಖರ್ಚು ಉಳಿಯುತ್ತಿತ್ತು' ಎಂದು ಬರೆದಿದ್ದಾನೆ.

ಮಾರ್ಚ್ ಹನ್ನೆರಡು. ನೀವು ನನಗೆ ಬರೆದದ್ದು ಏಪ್ರಿಲ್ ಎರಡು. ಮೂರು ವಾರ ಆ ಕಾಗದ ಮನೆಯಲ್ಲಿಟ್ಟುಕೊಂಡು, ಉಂಡು, ಮಲಗಿ, ಚರ್ಚಿಗೆ ಹೋಗಿ ಹಾಡಿ ಬಂದು, ಆಮೇಲೆ ಕೂತು ಇಲಿಗಳ ಸಂಸಾರದ ಬಗ್ಗೆ ಬರೆದಿರಿ. ಪ್ರೀತಿಯ ವರ್ಲೀನ್ ಎಂದು ಬರೆದದ್ದೂ ಆ ಪತ್ರದಲ್ಲೇ.

ಡಿಲ್ಲರ್ಡ್ ಕೆಜಾಯಾ ಅಜ್ಜಿಯನ್ನು ಊರಿನಿಂದ ತೆಗೆದ, ನೀವು ಅಮ್ಮನ ಮನಸ್ಸಿನಿಂದ ತೆಗೆದಿರಿ. ಅವನಾದರೂ ಪರಕೀಯ. ನನ್ನ ಅಮ್ಮ ಸತ್ತದ್ದು ತೊಂಬತ್ತಕ್ಕೆ, ಸಾವಿಗೆ ನಾನು ಅಳುವುದಿಲ್ಲ. ತನ್ನನ್ನು ಸಾಕಿದವಳನ್ನು ಸುಳ್ಳಿ ಎಂದುಕೊಂಡು ಸತ್ತಳಲ್ಲ, ಅದಕ್ಕೆ ಅಳುತ್ತೇನೆ. ಬಂದ ಪತ್ರಕ್ಕೆ ಉತ್ತರ ಕೊಡದಿರುವುದು ನಿಮ್ಮ ಮನೆತನದ ಹಳೇ ಅಭ್ಯಾಸ. ಆದರೂ ಒಂದು ಕೇಳುತ್ತೇನೆ, ಇದಕ್ಕಾದರೂ ಉತ್ತರ ಬರೆಯಿರಿ. ಕಲ್ಲು ನಿಲ್ಲಿಸಿದಿರಾ? ಅದರ ಮೇಲೆ 'ತನ್ನವರನ್ನೆಲ್ಲ' ಎಂದೇ ಇದೆಯೇ?

ವರ್ಲೀನ್ ಟ್ಯಾಪ್ಸ್‌ಕಾಟ್


ವೆದರ್ಲಿ
೧೨ ಸೆಪ್ಟೆಂಬರ್ ೧೯೭೪

ವರ್ಲೀನ್,

ಹೌದು, ನಿಲ್ಲಿಸಿದೆವು. ಹೌದು, 'ತನ್ನವರನ್ನೆಲ್ಲ' ಎಂದೇ ಇದೆ.

ಆಗಸ್ಟಿನ ಮೂರನೇ ಭಾನುವಾರ ಹೊರಗೆ ಹೋದ ಮನೆಗಳವರೆಲ್ಲ ಊರಿಗೆ ಬರುವುದು ನಮ್ಮ ಚರ್ಚಿನ ಪದ್ಧತಿ. ಅಂದು ಇನ್ನೂರು ಜನ ಬಂದಿದ್ದರು. ಮರದ ಕೆಳಗೆ ಮೇಜು ಹಾಕಿ ಹಂದಿಮಾಂಸ, ಬೀನ್ಸು, ಗೆಣಸಿನ ಸಿಹಿ ಎಲ್ಲ ಬಡಿಸಿದರು. ಮಿಸೆಸ್ ರಸ್ಕ್ ಕೂಡ ಟೋಪಿ ಹಾಕಿಕೊಂಡು ಬಂದಿದ್ದಳು. ನಾನು ಪರದೆ ಸರಿಸಿದೆ. ಆಕೆ ನನ್ನ ಕೈ ಹಿಡಿದು, "ನಾನು ಅಂದಿದ್ದು ತಪ್ಪಾಯ್ತು, ಆರ್ಡೀಲಿಯಾ" ಎಂದಳು. ಮೂವತ್ತು ವರ್ಷ ಕಾದಿದ್ದ ಮಾತು. ನಾನು ಆ ಊಟಕ್ಕೆ ಕೂರದೆ ಮನೆಗೆ ಬಂದೆ.

ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ, ಎಲ್ಲ ಬರೆಯುತ್ತೇನೆ. ನಿಮ್ಮ ಫೆಬ್ರವರಿಯ ಪತ್ರದಲ್ಲಿ 'ತಮ್ಮ' ಎಂದು ಓದಿದಾಗಲೇ ನನಗೆ ತಾತನ ಮಾತೊಂದು ನೆನಪಾಗಿತ್ತು. ಐಶಮ್ ತಾತ ಬದುಕಿದ್ದದ್ದು ನನಗೆ ಇಪ್ಪತ್ತಮೂರು ವರ್ಷವಾಗುವವರೆಗೆ. ಚಿಕ್ಕವಳಿದ್ದಾಗ ಅವನ ಅಂಗಡಿಯ ಮೇಜಿನ ಮೇಲೆ ಕೂತು, "ತಾತ, ನೀವು ಎಷ್ಟು ಜನ ಮಕ್ಕಳು?" ಎಂದು ಕೇಳುತ್ತಿದ್ದೆ. "ಆರು" ಎನ್ನುತ್ತಿದ್ದ. ನಾನು ಬೆರಳು ಮಡಿಸಿ ಹೆಸರು ಹೇಳಿ, "ಐದೇ ಕಣೋ ತಾತ, ನಿಂಗೆ ಲೆಕ್ಕ ಬರಲ್ಲ" ಎಂದು ನಗುತ್ತಿದ್ದೆ. ಅವನು ಕತ್ತರಿ ಎತ್ತಿಕೊಂಡು, "ಹೂಂ, ಐದೇ ಇರ್ಬೇಕು. ನೀನು ಸ್ಕೂಲಿಗೆ ಹೋಗೋಳು" ಎನ್ನುತ್ತಿದ್ದ. ಎಷ್ಟೋ ಸಲ ಹೀಗಾಗಿದೆ. ಅವನ ಅಕ್ಕನನ್ನು ಅವನ ಬಾಯಲ್ಲೇ ಅಳಿಸಿಹಾಕಿದವಳು ನಾನು. ಅವನಿಗೆ ಗೊತ್ತಿತ್ತು ವರ್ಲೀನ್, ತನಗಾಗಿ ಯಾರು ಹೋದರೆಂದು ಗೊತ್ತಿತ್ತು.

ಗಣತಿಯ ಆರು ತಲೆಗಳ ಮಾತು ಹೇಳಿದ್ದೆನಲ್ಲ. ಕೋರ್ಟಿನಿಂದ ಬಂದ ಮೇಲೆ ಲೈಬ್ರರಿಗೆ ಹೋಗಿ ಪಟ್ಟಿಯನ್ನೇ ತೆಗೆಸಿ ನೋಡಿದೆ. ಗುಲಾಮರಿಗೆ ಅಲ್ಲಿ ಹೆಸರಿಲ್ಲ, ವಯಸ್ಸು ಮತ್ತು ಹೆಣ್ಣೋ ಗಂಡೋ ಅಷ್ಟೇ. ಐವತ್ತರಲ್ಲಿ ಆರು ಜನರಲ್ಲಿ ನಾಲ್ವರು ಹೆಂಗಸರು, ಒಬ್ಬಳಿಗೆ ಹದಿನಾರು ವರ್ಷ. ಅರವತ್ತರಲ್ಲಿ ಹೆಂಗಸರು ಮೂವರೇ. ಅವಳ ಜಾಗದಲ್ಲಿ ಒಬ್ಬ ಗಂಡು, ಹದಿನೇಳು ವರ್ಷದವನು. ಮಿಸೆಸ್ ರಸ್ಕ್ ಎಣಿಸಿದಳು, ನಾನೂ ಎಣಿಸಿದೆ, ಯಾರೂ ಓದಿರಲಿಲ್ಲ.

ನೀಲಿ ಕೋಟುಗಳೂ ನಿಜ. ಡಿಲ್ಲರ್ಡ್ ಸತ್ತ ಮೇಲೆ ಅವನ ಮಕ್ಕಳು ಆಸ್ತಿಗಾಗಿ ಜಗಳವಾಡಿ ಅವನ ಕಾಗದಗಳನ್ನೆಲ್ಲ ಕೋರ್ಟಿಗೆ ತಂದು ಸುರಿದಿದ್ದಾರೆ. ಅವುಗಳಲ್ಲಿ ಟೋಬಿ ದರ್ಜಿಯ ಹೆಸರು ಸಾಲು ಸಾಲಾಗಿದೆ. ಮಗಳು ಹೋದ ಮೇಲೆಯೂ ಹತ್ತು ವರ್ಷ, ಯುದ್ಧ ಶುರುವಾಗುವವರೆಗೂ, ಅದೇ ಡಿಲ್ಲರ್ಡ್‌ಗೆ ಹೊಲಿದಿದ್ದಾನೆ. ಮೊದಮೊದಲು ಅವಳನ್ನು ಬಿಡಿಸಲು ಹೊಲಿದನೋ, ಆಮೇಲೆ ರೂಢಿಯಿಂದ ಹೊಲಿದನೋ ನನಗೆ ತಿಳಿಯದು. ಡಿಲ್ಲರ್ಡ್ ಕೊಟ್ಟ ಒಂದು ವರ್ಷದ ಮಾತು ಕ್ರಯಪತ್ರದಲ್ಲಿ ಎಲ್ಲೂ ಇಲ್ಲ. ಬಿಳಿಯನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಕ್ಕೂ ಇರದವನು ಬಿಳಿಯನ ಬಾಯಿಮಾತು ನಂಬಿದ. ಇಷ್ಟು ವರ್ಷ ಇವನ ತೋಳಿನ ಅಳತೆ ತೆಗೆದಿದ್ದೇನೆ, ಇವನು ನನಗೆ ಮೋಸ ಮಾಡುವನೇ ಎಂದುಕೊಂಡಿರಬೇಕು. ೧೮೬೭ರಲ್ಲಿ ಅವನು ಬದುಕಿದ್ದ. ಸತ್ತದ್ದು ೧೮೭೯ರಲ್ಲಿ.

ನಾನು ಯಾಕೆ ಮುಚ್ಚಿಟ್ಟೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಿಸೆಸ್ ರಸ್ಕ್‌ಗೆ ಹೆದರಿದೆ. 'ನೋಡಿ, ಮಗಳನ್ನೇ ಮಾರಿದ' ಎಂದು ಆಕೆ ಹೇಳುವುದನ್ನು ಕೇಳಲಾರೆ ಎನಿಸಿತು. ನ್ಯಾಚೆಜ್ ದೂರ, ಮುದುಕಿಗೆ ತೊಂಬತ್ತು ವರ್ಷ, ಕಲ್ಲು ಇಲ್ಲೇ ಕಣ್ಣೆದುರಿಗೆ ನಿಲ್ಲುತ್ತದೆ ಎಂದುಕೊಂಡೆ. ನಿಮ್ಮ ಮೇ ತಿಂಗಳ ಪತ್ರ ಬಂತು. ಉತ್ತರ ಬರೆಯಲು ಕೂತಾಗಲೆಲ್ಲ ಹರಿದುಹಾಕಿದೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದಿಲ್ಲ.

ಈಗ ಮಾಡಬಹುದಾದ ಒಂದು ಕೆಲಸ ಉಳಿದಿದೆ. ಮೊನ್ನೆ ಭಾನುವಾರ ಆರಾಧನೆಯ ನಂತರ ಎದ್ದುನಿಂತು ಎರಡೂ ಕ್ರಯಪತ್ರಗಳನ್ನು ಎಲ್ಲರ ಮುಂದೆ ಓದಿದೆ. ಹಿರಿಯ ಆರ್ವಿಲ್ ಪೇಜ್, "ಟೀಚರೇ, ಎಲ್ಲ ಮುಗಿದ್ಮೇಲೆ ಇದೆಲ್ಲಾ ಯಾಕ್ ಬೇಕಿತ್ತು? ಸತ್ತೋರ ಬಟ್ಟೆ ಬಿಚ್ತೀರಲ್ಲ" ಎಂದ. ಕೆಲವರು ಎದ್ದು ಹೋದರು. ಕೊನೆಗೆ, ಹೊಸ ಕಲ್ಲಿಗೆ ದುಡ್ಡಿಲ್ಲ, ಇರುವ ಕಲ್ಲಿನಲ್ಲಿ ಏನಾದರೂ ಮಾಡಿಕೊಳ್ಳಿ ಎಂದರು. ಕೆತ್ತುವವನು ಬಂದು ನೋಡಿದ. ಕಲ್ಲು ಅಂಚಿನವರೆಗೂ ತುಂಬಿದೆ, ಒಂದು ಸಾಲಿಗೂ ಜಾಗವಿಲ್ಲ, ಇರುವ ಒಂದು ಹೆಸರನ್ನು ಉಜ್ಜಿ ತೆಗೆದು ಅಲ್ಲಿ ಬೇರೆಯದನ್ನು ಕೆತ್ತಬಹುದು ಎಂದ.

ಐಶಮ್‌ನ ಹೆಸರು ತೆಗೆಯಲು ಹೇಳಿದ್ದೇನೆ. ಅವನು ನನ್ನ ತಾತ, ಬಿಟ್ಟುಕೊಡುವ ಹಕ್ಕು ನನ್ನದು. ಆ ಜಾಗದಲ್ಲಿ ಕೆಜಾಯಾ ಎಂದು ಬರೆಸುತ್ತೇನೆ. ನನ್ನ ಮನೆಯಿಂದ ನಾನು ಕೊಡಬಹುದಾದದ್ದು ಇದೊಂದೇ. ನೀವು ಹೂಂ ಎಂದು ಬರೆದ ದಿನವೇ ಕೆಲಸ ಶುರುವಾಗುತ್ತದೆ.

ನಿಮ್ಮ ಬಳಗದವಳು ಎಂದು ಹೇಳಿಕೊಳ್ಳಲು ನಾಚುವ,
ಆರ್ಡೀಲಿಯಾ


ನ್ಯಾಚೆಜ್
೭ ಅಕ್ಟೋಬರ್ ೧೯೭೪

ಮಿಸ್ ಆರ್ಡೀಲಿಯಾ,

ನಿಮ್ಮ ಪತ್ರವನ್ನು ಮೂರು ವಾರ ಇಟ್ಟುಕೊಂಡಿದ್ದೆ. ನೀವೂ ಅಷ್ಟೇ ದಿನ ಇಟ್ಟುಕೊಂಡಿದ್ದಿರಿ, ಈಗ ಸಮವಾಯಿತು.

ಚರ್ಚಿನಲ್ಲಿ ಎದ್ದುನಿಂತು ಓದಿದಿರಿ. ಅದು ಸುಲಭವಲ್ಲ ಎಂದು ನನಗೆ ಗೊತ್ತು, ಇಲ್ಲ ಎನ್ನುವುದಿಲ್ಲ. ಅದನ್ನೇ ಏಪ್ರಿಲ್ ತಿಂಗಳಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಹಾಕಿದ್ದರೆ ಅಮ್ಮ ದಿಂಬಿನ ಕೆಳಗೆ ಇಟ್ಟುಕೊಂಡು ಸಾಯುತ್ತಿದ್ದಳು. ನಾನು ನಿಮ್ಮನ್ನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಗೊತ್ತಿಲ್ಲ, ಮನಸ್ಸಿಗೆ ಇನ್ನೂ ಬಂದಿಲ್ಲ.

ಅಮ್ಮನ ಗೋರಿಗೆ ನಾವೂ ಒಂದು ಕಲ್ಲು ಹಾಕಿಸಿದೆವು. ಸಣ್ಣದು, ಸಿಮೆಂಟಿನದು. 'ಓಲಾ. ವೆದರ್ಲಿಯ ದರ್ಜಿ ಟೊಬಾಯಸ್ ಗ್ಯಾಂಟ್ ಮಾರಿದ ಕೆಜಾಯಾಳ ಮೊಮ್ಮಗಳು' ಎಂದು ಬರೆಸಿದ್ದೇನೆ. ನಮ್ಮ ಪಾದ್ರಿಯವರು, "ಮಾರಿದ ಅನ್ನೋ ಮಾತು ಬೇಡಮ್ಮ, ನೋಡೋಕೆ ಚೆನ್ನಾಗಿರಲ್ಲ" ಎಂದರು. ಚೆನ್ನಾಗಿ ಕಾಣಲೆಂದು ನಾನು ಬರೆಸಲಿಲ್ಲ ಎಂದೆ. ಅಮ್ಮ ಅದನ್ನು ಓದಲಾರಳು, ಅಜ್ಜಿಯೂ ಓದಲಾರಳು. ನಾನು ಓದುತ್ತೇನೆ, ನನ್ನ ಮಕ್ಕಳು ಓದುತ್ತಾರೆ.

ಇನ್ನು ನಿಮ್ಮ ಕಲ್ಲಿನ ವಿಷಯ. ಹೂಂ ಎನ್ನಲು ನಾಲ್ಕು ಸಲ ಕೂತೆ. ಕೆಜಾಯಾ ಅಜ್ಜಿಯ ಹೆಸರು ಅಪ್ಪನ ಹೆಸರಿನ ಕೆಳಗೆ ಇರಬೇಕೆಂದು ಅಮ್ಮ ಎದ್ದು ಕೂತದ್ದು ಕಣ್ಣೆದುರಿಗೆ ಬರುತ್ತಿತ್ತು. ಆದರೆ ಕೈ ಬರೆಯಲಿಲ್ಲ.

ಐಶಮ್‌ಗೆ ಆಗ ಎಂಟು ವರ್ಷ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಬದುಕಿರುವವರೆಗೂ ಆರು ಎಂದವನು ಅವನೊಬ್ಬನೇ. ಅವನ ಹೆಸರಿಗೆ ಉಳಿ ಮುಟ್ಟಿಸಬೇಡಿ. ಒಂದು ಮಗುವನ್ನು ತೆಗೆದು ಆ ಜಾಗದಲ್ಲಿ ಇನ್ನೊಂದು ಮಗುವನ್ನು ಇಡುವ ಕೆಲಸ ನಿಮ್ಮ ಮನೆಯಲ್ಲಿ ಒಮ್ಮೆ ನಡೆದುಹೋಗಿದೆ. ಇನ್ನೊಮ್ಮೆ ಅದನ್ನೇ ಮಾಡುವುದಕ್ಕೆ ನನ್ನ ಒಪ್ಪಿಗೆ ಕೇಳಬೇಡಿ, ನಾನು ಕೊಡುವುದಿಲ್ಲ.

ಕೆಜಾಯಾಳ ಕಡೆಯವಳು,
ವರ್ಲೀನ್ ಟ್ಯಾಪ್ಸ್‌ಕಾಟ್